ಒದಗದ ರಾಗಿ

ಮೊನ್ನೆ ಹೊಸಕೋಟೆಯಲ್ಲಿ ಮಧ್ಯಾಹ್ನದ ಊಟಕ್ಕೆಂದು ಒಂದು ಮುದ್ದೆ ಹೋಟೆಲಿಗೆ ಹೋಗಿದ್ದೆ. ಬಿಸಿ ಮುದ್ದೆಯ ವಾಸನೆ ರಸ್ತೆಯವರೆಗೂ ಬಂದು ನಿಂತಿತ್ತು. ಒಳಗೆ ಕೂತು, ಬಡಿಸುವವನನ್ನು ಕರೆದು, ಪಕ್ಕದವರಿಗೆ ಕೇಳಿಸದಷ್ಟು ಮೆತ್ತಗೆ, ಅರ್ಧ ಮುದ್ದೆ ಸಿಗುತ್ತದೆಯೇ ಎಂದು ವಿಚಾರಿಸಿದೆ. ಅವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಅರ್ಧ ಬರಲ್ಲ ಸಾರ್. ಒಂದೇ ಬರೋದು. ಬೇಡದ್ದು ಬಿಡಿ," ಎಂದ.

ನೀವು ನಮ್ಮ ಕಡೆಯವರಾದರೆ ಈ ಮಾತು ಎಷ್ಟು ಉಪಯೋಗವಿಲ್ಲದ್ದು ಎಂದು ನಿಮಗೆ ಗೊತ್ತಿರುತ್ತದೆ. ಮುರಿದ ಮುದ್ದೆಯನ್ನು ತಟ್ಟೆಯಲ್ಲಿ ಬಿಟ್ಟು ಏಳುವುದನ್ನು ನಮಗೆ ಯಾರೂ ಕಲಿಸಿಲ್ಲ. ಪೂರ್ತಿ ತಿಂದೆ. ಎದುರಿಗೆ ಕೂತವರು ಇನ್ನೊಂದು ಹಾಕಿಸಿಕೊಂಡಾಗ ನನ್ನ ಕೈಯೂ ಏಳುವುದರಲ್ಲಿತ್ತು. ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡೆ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆಯೇನೂ ಇಲ್ಲ.

ವಿಷಯ ಇಷ್ಟೇ. ನನಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಗಿ ಆಗ ಒಂದು ತಿಂಗಳಾಗಿತ್ತು. ಮನೆಯಲ್ಲಿ ಇನ್ನೂ ಹೇಳಿರಲಿಲ್ಲ. ನಾನು ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ಲು ಬರೆಯುವವನು, ಮನೆಯಲ್ಲಿ ಓದುವ ಮಕ್ಕಳಿಬ್ಬರು, ಹೆಂಡತಿಗೆ ಇರುವ ಚಿಂತೆಗಳೇ ಸಾಕು ಎಂದೆಲ್ಲ ನನಗೆ ನಾನೇ ಕಾರಣ ಕೊಟ್ಟುಕೊಂಡಿದ್ದೆ. ನಿಜವಾದ ಕಾರಣ ನಾಚಿಕೆ. ಆ ನಾಚಿಕೆ ನನಗೆ ಎಲ್ಲಿಂದ ಬಂತು ಎಂದರೆ, ನಮ್ಮಪ್ಪನಿಂದ. ಕಾಯಿಲೆಯೂ ಅಲ್ಲಿಂದಲೇ ಬಂದದ್ದು. ನಮ್ಮಪ್ಪ ಮಕ್ಕಳಿಗೆ ಬೇರೆ ಆಸ್ತಿಯನ್ನು ಇಷ್ಟು ಸಲೀಸಾಗಿ ಬಿಟ್ಟುಕೊಟ್ಟವರಲ್ಲ.

ನಮ್ಮೂರು ನಂದಗುಡಿಯ ಹತ್ತಿರ. ರಾಗಿ, ಒಂದಿಷ್ಟು ತರಕಾರಿ, ಒಂದು ಹಸು. ತರಕಾರಿ ಬೆಳೆಯುವವರ ಮನೆಯಲ್ಲಿ ದಿನವೂ ತರಕಾರಿ ತಿನ್ನುತ್ತಾರೆ ಎಂದು ಪೇಟೆಯವರು ತಿಳಿದಿರುತ್ತಾರೆ. ನೆಟ್ಟಗಿರುವ ಕ್ಯಾರೆಟ್ಟೆಲ್ಲ ಮಾರ್ಕೆಟ್ಟಿಗೆ ಹೋಗುತ್ತಿತ್ತು. ಎರಡು ಕಾಲಿನದು, ಮೂರು ಕಾಲಿನದು ನಮ್ಮ ಸಾರಿಗೆ ಬೀಳುತ್ತಿತ್ತು. ಎಳೆ ಬೀನ್ಸ್ ಹೇಗಿರುತ್ತದೆ ಎಂದು ನಾನು ತಿಂದು ನೋಡಿದ್ದು ಯಾರದೋ ಮದುವೆಯಲ್ಲಿ. ಹಾಲು ಡೈರಿಗೆ ಹೋಗುತ್ತಿತ್ತು. ಹೀಗೆ ಎಲ್ಲವೂ ಹೋದ ಮೇಲೆ ಮನೆಯಲ್ಲಿ ಧಾರಾಳವಾಗಿ ಉಳಿಯುತ್ತಿದ್ದದ್ದು ರಾಗಿ ಒಂದೇ. ಅಪ್ಪ ಹೊತ್ತಿಗೆ ಮೂರು ಮುದ್ದೆ ತಿನ್ನುತ್ತಿದ್ದರು. ಒಂದೊಂದೂ ಚೆಂಬಿನ ಗಾತ್ರದ್ದು. ಸಾರು ಮುದ್ದೆಯನ್ನು ಗಂಟಲಿನಿಂದ ಇಳಿಸುವುದಕ್ಕೆ ಮಾತ್ರ.

ನಾನು ಪಿಯುಸಿ ಓದುತ್ತಿದ್ದ ವರ್ಷ ಅಪ್ಪನ ಎಡಗಾಲಿನ ಹೆಬ್ಬೆರಳಿಗೆ ಗುದ್ದಲಿ ತಾಗಿತು. ಸಣ್ಣ ಗಾಯ. ಅದು ಒಂದು ತಿಂಗಳಾದರೂ ಆರಲಿಲ್ಲ. ಅರಿಶಿನ ಹಚ್ಚಿದ್ದಾಯಿತು, ಸುಣ್ಣ ಹಚ್ಚಿದ್ದಾಯಿತು, ಕೊನೆಗೆ ಅವ್ವ ಹಟ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಜೊತೆಗೆ ನಾನೂ ಹೋಗಿದ್ದೆ. ಡಾಕ್ಟರಮ್ಮ ರಕ್ತ ನೋಡಿಸಿ, ಮಾತ್ರೆ ಬರೆದು, ಅಪ್ಪನಿಗೆ ನೇರವಾಗಿಯೇ ಹೇಳಿದರು. ಮುದ್ದೆ ಕಡಿಮೆ ಮಾಡಬೇಕು, ಸೊಪ್ಪು ಕಾಳು ಜಾಸ್ತಿ ಮಾಡಬೇಕು, ಇಲ್ಲದಿದ್ದರೆ ಬೆರಳು ಉಳಿಯುವುದು ಕಷ್ಟ.

ಅಪ್ಪ ಮನೆಗೆ ಬಂದು ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತು, "ರಾಗೀಲಿ ಸಕ್ಕರೆ ಎಲ್ಲೈತೆ? ಸಿಹಿ ಇದ್ರೆ ಬೆಲ್ಲದ ಬದ್ಲು ರಾಗಿನೇ ಹಾಕ್ಬೌದಿತ್ತಲ್ಲ ಪಾಯಸಕ್ಕೆ," ಎಂದರು. ಅಂದು ನಾಲ್ಕು ಮುದ್ದೆ ತಿಂದರು. ಮಾರನೆಯ ದಿನ ಅವ್ವ ಧೈರ್ಯ ಮಾಡಿ ಅವರ ತಟ್ಟೆಗೆ ಒಂದೇ ಒಂದು ಮುದ್ದೆ ಇಟ್ಟು, ಪಕ್ಕದಲ್ಲಿ ಗುಡ್ಡೆಯಷ್ಟು ಸೊಪ್ಪಿನ ಪಲ್ಯ ಬಡಿಸಿದಳು. ಅಪ್ಪ ನಮ್ಮ ತಟ್ಟೆಗಳನ್ನು ನೋಡಿದರು. ತಮ್ಮದನ್ನು ನೋಡಿದರು. ಎದ್ದು ಹೋದರು. ಎರಡು ದಿನ ಮನೆಯಲ್ಲಿ ಊಟ ಮಾಡಲಿಲ್ಲ. ಮಕ್ಕಳ ಎದುರಿಗೆ ಚಿಕ್ಕ ಊಟ ಉಣ್ಣುವುದು ಅವರಿಗೆ ಬೆರಳು ಹೋಗುವುದಕ್ಕಿಂತ ದೊಡ್ಡ ನಷ್ಟವಾಗಿತ್ತು.

ಮೂರನೆಯ ದಿನ ಅವ್ವ ನನ್ನನ್ನು ಹಿತ್ತಿಲಿಗೆ ಕರೆದು, ಆಸ್ಪತ್ರೆಯಲ್ಲಿ ಕೊಟ್ಟಿದ್ದ ಊಟದ ಪಟ್ಟಿಯನ್ನು ಓದಿಸಿದಳು. ಅದರಲ್ಲಿ ಓಟ್ಸು, ಬಾದಾಮಿ, ಸೇಬು, ಸೌತೆಕಾಯಿ, ಸೊಪ್ಪು, ಮೊಳಕೆ ಕಾಳು, ಕೆನೆ ತೆಗೆದ ಮಜ್ಜಿಗೆ ಎಂದೆಲ್ಲ ಇತ್ತು.

"ಇದ್ರಲ್ಲಿ ನಮ್ಮನೇಲಿರೋದು ಯಾವ್ಯಾವ್ದು?"

"ಸೊಪ್ಪು, ಕಾಳು, ಮಜ್ಜಿಗೆ."

"ಹಂಗಾದ್ರೆ ಅಷ್ಟೇ ಓದು. ಮಿಕ್ಕಿದ್ದು ಬಿಡು."

ಆಮೇಲೆ ಅವಳ ಯೋಜನೆಯನ್ನು ಹೇಳಿದಳು. ಅಪ್ಪನ ಮುದ್ದೆ ಒಂದನ್ನೇ ಚಿಕ್ಕದು ಮಾಡಿದರೆ ತಾನೇ ಅವರಿಗೆ ಕಾಣುವುದು? ಮನೆಯವರೆಲ್ಲರ ಮುದ್ದೆಯನ್ನೂ ಚಿಕ್ಕದು ಮಾಡಿದರೆ? ಅದೂ ಒಂದೇ ದಿನಕ್ಕಲ್ಲ, ದಿನಕ್ಕೊಂದು ಚಿಟಿಕೆಯಷ್ಟು. ನಾನು ಈ ಗುಟ್ಟಿನ ಪಾಲುದಾರನಾದದ್ದು ನನಗೆ ಇಂಗ್ಲಿಷು ಓದಲು ಬರುತ್ತಿತ್ತು ಎಂಬ ಒಂದೇ ಅರ್ಹತೆಯಿಂದ. ತಂಗಿ ಶಶಿಗೆ ಆಗ ಹನ್ನೆರಡು ವರ್ಷ. ಅವಳ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲವೆಂದು ಅವಳಿಗೆ ಹೇಳಲಿಲ್ಲ.

ಮುದ್ದೆ ಕಟ್ಟುವುದು ಕೈಯ ಲೆಕ್ಕ. ಕುದಿಯುವ ಎಸರಿಗೆ ಹಿಟ್ಟು ಸುರಿದು, ಕೋಲಿನಿಂದ ತಿರುವಿ, ಮಣೆಯ ಮೇಲೆ ಹಾಕಿ, ನೀರು ಮುಟ್ಟಿಸಿದ ಅಂಗೈಯಲ್ಲಿ ಉರುಳಿಸಿದರೆ ಪ್ರತಿಯೊಂದೂ ಒಂದೇ ಗಾತ್ರಕ್ಕೆ ಬರಬೇಕು. ಅವ್ವನ ಕೈಗೆ ಇಪ್ಪತ್ತು ವರ್ಷದ ರೂಢಿ. ಆ ರೂಢಿಯನ್ನು ಅವಳು ದಿನದಿನವೂ ಕೂದಲೆಳೆಯಷ್ಟು ತಪ್ಪಿಸುತ್ತ ಹೋದಳು. ನಾಲ್ಕೂ ತಟ್ಟೆಯಲ್ಲಿ ಸರಿಸಮ. ಜೊತೆಗೆ ತಟ್ಟೆಯಲ್ಲಿ ಬೇರೆಯದು ಬೆಳೆಯತೊಡಗಿತು. ಹೊಲದ ಬದುವಿನಲ್ಲಿ ತಾನಾಗಿ ಬೆಳೆದ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಹೊನಗೊನೆ ಎಲ್ಲವನ್ನೂ ಮಡಿಲು ತುಂಬ ತಂದು ಬೆರಕೆ ಸೊಪ್ಪಿನ ಬಸ್ಸಾರು ಮಾಡುತ್ತಿದ್ದಳು. ಬೆಂದ ನೀರು ಬಸಿದು ಸಾರಿಗೆ, ಮಿಕ್ಕ ಸೊಪ್ಪು ಕಾಳು ಒಗ್ಗರಣೆ ಹಾಕಿ ಪಲ್ಯಕ್ಕೆ. ಕಾಸು ಖರ್ಚಿಲ್ಲ.

ಹುರುಳಿಯ ವಿಷಯ ಮಾತ್ರ ಸ್ವಲ್ಪ ಸೂಕ್ಷ್ಮವಾದದ್ದು. ನಮ್ಮಲ್ಲಿ ಹುರುಳಿ ಬೇಯಿಸಿದರೆ ಅದರ ಕಟ್ಟು ಮನುಷ್ಯರ ಸಾರಿಗೆ, ಬೆಂದ ಕಾಳು ಹಸುವಿನ ಕಲಗಚ್ಚಿನ ಬಾನಿಗೆ. ಸತ್ವವೆಲ್ಲ ಯಾರ ಪಾಲಿಗೆ ಹೋಗುತ್ತಿತ್ತು ಎಂದು ಹಸುವನ್ನೂ ನಮ್ಮನ್ನೂ ಒಟ್ಟಿಗೆ ನಿಲ್ಲಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ಅವ್ವ ಆ ಕಾಳಿನಲ್ಲಿ ಅರ್ಧವನ್ನು ನಮ್ಮ ತಟ್ಟೆಗೆ ತಿರುಗಿಸಿದಳು. ಹಸು ಬಾಯಿಬಿಟ್ಟು ಏನೂ ಹೇಳಲಿಲ್ಲ. ಹಾಲು ಕಡಿಮೆ ಕೊಟ್ಟಿತು.

ಅಪ್ಪ ಗಮನಿಸಲಿಲ್ಲ ಎಂದಲ್ಲ. ಮೂರು ಮುದ್ದೆ ಎಂದಿನಂತೆ ಮೂರೇ ಇದ್ದವು, ಹೊಟ್ಟೆ ಮಾತ್ರ ಹಗುರ. ಅವರು ತಟ್ಟೆಯನ್ನು ಅನುಮಾನಿಸಲಿಲ್ಲ, ಅವ್ವನನ್ನೂ ಅನುಮಾನಿಸಲಿಲ್ಲ. ರಾಗಿಯನ್ನು ಅನುಮಾನಿಸಿದರು.

"ಈ ವರ್ಷದ ರಾಗಿ ಒದಗ್ತಾ ಇಲ್ಲ ಕಣೇ," ಎಂದರು ಒಂದು ದಿನ. ಹಿಟ್ಟು ಎಸರಿನಲ್ಲಿ ಉಬ್ಬಿ ಹೆಚ್ಚಾಗುವುದಿಲ್ಲ ಎಂದು ಅದರ ಅರ್ಥ.

"ನಂಗೂ ಹಂಗೇ ಅನ್ನಿಸ್ತು," ಎಂದಳು ಅವ್ವ, ಮುಖದಲ್ಲಿ ಏನೂ ತೋರಿಸದೆ.

ಇದಾದ ಕೆಲವು ದಿನಕ್ಕೆ ಮಾಲೂರಿನಿಂದ ಸೋದರತ್ತೆಯ ಗಂಡ ಬಂದರು. ನಾನು ಮಾವ ಎನ್ನುತ್ತಿದ್ದವರು, ಮಾತಿನಲ್ಲಿ ಯಾರನ್ನೂ ಬಿಡುವವರಲ್ಲ. ನೆಂಟರ ತಟ್ಟೆಗೆ ದೊಡ್ಡ ಮುದ್ದೆ ಇಡದಿದ್ದರೆ ಮನೆಯ ಮಾನ ಹೋಗುತ್ತದೆ, ಇಟ್ಟರೆ ಪಕ್ಕದಲ್ಲೇ ಕೂತ ಅಪ್ಪನಿಗೆ ಎಲ್ಲ ತಿಳಿಯುತ್ತದೆ. ಅವ್ವ ಮಾನವನ್ನು ಬಿಟ್ಟು ಬೆರಳನ್ನು ಆರಿಸಿಕೊಂಡಳು. ಮಾವ ಮುದ್ದೆಯನ್ನು ಅತ್ತಿತ್ತ ತಿರುಗಿಸಿ ನೋಡಿ, "ಏನಮ್ಮಾ, ಇದು ಎಳೇ ಕೂಸಿಗೆ ಕಟ್ಟಿದ್ದಾ?" ಎಂದರು.

ಅಪ್ಪ ತಲೆ ಎತ್ತದೆ, "ರಾಗಿ ಒದಗ್ತಾ ಇಲ್ಲ ಬಾವ. ಅವಳೇನ್ ಮಾಡ್ತಾಳೆ," ಎಂದರು.

ಆಮೇಲೆ ಊಟ ಮುಗಿಯುವವರೆಗೂ ಅವರಿಬ್ಬರೂ ಈಗಿನ ಬಿತ್ತನೆ ಬೀಜ ಎಷ್ಟು ಕೆಟ್ಟುಹೋಗಿದೆ ಎಂದು ಮಾತಾಡಿದರು. ಮಾವ ಹೋದ ಮೇಲೆ ಅಪ್ಪ ಮನೆಯಲ್ಲಿದ್ದ ಒಳ್ಳೆಯ ರಾಗಿಯಲ್ಲಿ ಎರಡು ಮೂಟೆಯನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗಿ, ಪಕ್ಕದ ಹೊಲದ ಚಿಕ್ಕಣ್ಣನ ಎರಡು ಮೂಟೆ ರಾಗಿಗೆ ಬದಲಾಯಿಸಿಕೊಂಡು ಬಂದರು. ಚಿಕ್ಕಣ್ಣನ ರಾಗಿಯಲ್ಲಿ ಕಲ್ಲಿತ್ತು. ಅವ್ವ ಎರಡು ದಿನ ಕೂತು ಕೇರಿದಳು. ಅದನ್ನು ಬೀಸಿಸಿ ತಂದು ಮುದ್ದೆ ಮಾಡಿದಾಗ ಅದೂ ಒದಗಲಿಲ್ಲ. ಅಪ್ಪ ಆಕಾಶ ನೋಡಿದರು. ಡೈರಿಯಲ್ಲಿ ಹಾಲಿನ ಅಳತೆ ಕಡಿಮೆಯಾದಾಗಲೂ, "ಹಸುನೂ ಒದಗ್ತಾ ಇಲ್ಲ," ಎಂದರು. ಒಟ್ಟು ಕಾಲವೇ ಕೆಟ್ಟಿದೆ ಎಂದು ಅವರಿಗೆ ಖಾತ್ರಿಯಾಗಿತ್ತು. ಈ ನಡುವೆ ಬೆರಳಿನ ಗಾಯ ಅಂಚಿನಿಂದ ಒಣಗುತ್ತ ಬಂದಿತ್ತು. ಅದರ ಕೀರ್ತಿಯನ್ನು ಅವರು ಸುಣ್ಣಕ್ಕೆ ಕೊಟ್ಟರು.

ಇಲ್ಲಿಯವರೆಗೆ ನಗುತ್ತ ಹೇಳಿದೆ. ಮುಂದಿನದನ್ನು ಹೇಳಲು ನನಗೆ ಅಷ್ಟು ಇಷ್ಟವಿಲ್ಲ.

ಅವ್ವನ ಲೆಕ್ಕದಲ್ಲಿ ಒಂದು ತಪ್ಪಾಗಿತ್ತು. ಮೊದಲು ಮಧ್ಯಾಹ್ನದ ಮುದ್ದೆಯಲ್ಲಿ ಒಂದೆರಡು ಯಾವಾಗಲೂ ಮಿಗುತ್ತಿದ್ದವು. ಶಶಿ ಸ್ಕೂಲಿನಿಂದ ಬಂದವಳು ಆ ಆರಿದ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು ಈರುಳ್ಳಿ ಹಾಕಿಕೊಂಡು ಕುಡಿಯುತ್ತಿದ್ದಳು. ಆ ಹೊತ್ತಿಗೆ ಅವ್ವ ಹೊಲದಲ್ಲೋ ಡೈರಿಯಲ್ಲೋ ಇರುತ್ತಿದ್ದಳು. ಗಾತ್ರ ಇಳಿದ ಮೇಲೆ, ಅಪ್ಪ ಇನ್ನೊಂದು ಕೇಳಬಾರದೆಂದು ಅವ್ವ ಎಣಿಸಿಯೇ ಕಟ್ಟುತ್ತಿದ್ದಳು, ಮಿಗುವುದು ನಿಂತಿತು. ಮಿಗುತ್ತಿದ್ದದ್ದನ್ನು ಯಾರು ತಿನ್ನುತ್ತಿದ್ದರು ಎಂಬುದು ಅವ್ವನ ತಲೆಗೆ ಬರಲೇ ಇಲ್ಲ. ನನಗೆ ಬಂದಿತ್ತು. ಒಂದು ಸಂಜೆ ಶಶಿ ಮುದ್ದೆ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಸದ್ದಾಗದ ಹಾಗೆ ಮತ್ತೆ ಮುಚ್ಚಿದ್ದನ್ನು ನಾನು ಕಂಡಿದ್ದೆ. ಕಾಲೇಜಿನ ಹತ್ತಿರ ಬನ್ನು, ಬೋಂಡ ತಿಂದು ಬಂದಿದ್ದ ನಾನು ಪುಸ್ತಕ ತೆರೆದುಕೊಂಡು ಕೂತೆ. ಹೇಳಿದ್ದರೆ ಅವ್ವ ಒಂದು ನಿಮಿಷದಲ್ಲಿ ಸರಿಮಾಡುತ್ತಿದ್ದಳು. ನಾನು ಹೇಳಲಿಲ್ಲ. ಗುಟ್ಟು ಕಾಯುತ್ತಿದ್ದೇನೆ ಎಂದುಕೊಂಡೆ. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಒಂದು ಸಂಜೆ ಅಪ್ಪ ಹುಲ್ಲಿನ ಹೊರೆ ಇಳಿಸಲು ಕೊಟ್ಟಿಗೆಗೆ ಹೋದರು. ನಾನು ಹಿಂದೆ ಕುಡುಗೋಲು ಹಿಡಿದು ಹೋಗುತ್ತಿದ್ದೆ. ಶಶಿ ಸ್ಕೂಲಿನ ಬಟ್ಟೆಯಲ್ಲೇ ಬಾನಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಹಸುವಿಗೆ ಹಾಕಿದ್ದ ಬೆಂದ ಹುರುಳಿಯನ್ನು ಬೊಗಸೆಯಲ್ಲಿ ತೆಗೆದು ತಿನ್ನುತ್ತಿದ್ದಳು. ಹಸು ಪಕ್ಕದಲ್ಲಿ ಕಾಯುತ್ತಿತ್ತು.

"ಏನವ್ವಾ ಇದು?" ಎಂದರು ಅಪ್ಪ.

ಅವಳು ಹೆದರಿ ಎದ್ದು ನಿಂತಳು. ಬಾಯಿ ಒರೆಸಿಕೊಂಡು, "ಸ್ವಲ್ಪನೇ ತಿಂದಿದ್ದು ಅಪ್ಪಾ. ನಮ್ ರಾಗಿ ಒದಗಲ್ವಲ್ಲ, ಇನ್ನೊಂದು ಮುದ್ದೆ ಕೇಳಿದ್ರೆ ಅವ್ವಂಗೆ ಕಷ್ಟ ಆಗ್ತದೆ," ಎಂದಳು.

ಅಪ್ಪ ಹೊರೆಯನ್ನು ಅಲ್ಲೇ ಇಳಿಸಿದರು. ನೇರವಾಗಿ ನಡುಮನೆಗೆ ಹೋಗಿ ಗೋಡೆಗೆ ಒರಗಿಸಿದ್ದ ರಾಗಿ ಮೂಟೆಗಳ ಮುಂದೆ ನಿಂತರು. ಸುಗ್ಗಿಯ ಹೊತ್ತಿಗೆ ಖಾಲಿಯಾಗುತ್ತ ಬರಬೇಕಿದ್ದ ಮೂಟೆಗಳು ತುಂಬಿಕೊಂಡು ನಿಂತಿದ್ದವು. ಒಂದೊಂದನ್ನೂ ಕೈಯಿಂದ ತಟ್ಟಿ ನೋಡಿದರು. ರಾಗಿ ಒದಗದಿದ್ದರೆ ಬೇಗ ಮುಗಿಯಬೇಕಲ್ಲವೇ? ಅವರು ಓದಿದವರಲ್ಲ, ಆದರೆ ಇಷ್ಟು ಲೆಕ್ಕ ಅವರಿಗೆ ಬರುತ್ತಿತ್ತು. ನನ್ನ ಮುಖ ನೋಡಿದರು. ನಾನು ಕುಡುಗೋಲನ್ನು ನೋಡುತ್ತ ನಿಂತೆ.

ಅವ್ವ ಬಂದು ಎಸರಿಟ್ಟಳು. ಅಪ್ಪ ಅಡುಗೆಮನೆಯ ಒಳಗೆ ಬಂದರು. ಊಟದ ಹೊತ್ತಲ್ಲದೆ ಅವರು ಅಲ್ಲಿಗೆ ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವ್ವ ಮಣೆಯ ಮೇಲೆ ಮೊದಲನೆಯ ಮುದ್ದೆ ಉರುಳಿಸುತ್ತಿದ್ದಳು. ಅಪ್ಪ ಸ್ವಲ್ಪ ಹೊತ್ತು ನೋಡುತ್ತ ನಿಂತು, "ಮಕ್ಳಿಗೆ ಮೊದ್ಲಿನಂಗೇ ಕಟ್ಟು," ಎಂದರು.

ಅವ್ವನ ಕೈ ನಿಂತಿತು. "ನಿಮಗೆ?"

"ನಂಗೆ ಈಗಿನಂಗೇ ಇರ್ಲಿ."

ಅಷ್ಟೇ ಮಾತು. ಆ ದಿನ ನಾಲ್ಕು ತಟ್ಟೆಯಲ್ಲಿ ಮೂರು ತಟ್ಟೆಗೆ ದೊಡ್ಡ ಮುದ್ದೆ ಬಂತು, ಒಂದಕ್ಕೆ ಚಿಕ್ಕದು. ಅಪ್ಪ ಮೂರು ಚಿಕ್ಕ ಮುದ್ದೆಯಲ್ಲಿ ಒಂದನ್ನು ತಾವೇ ತೆಗೆದು ಶಶಿಯ ತಟ್ಟೆಗೆ ಇಟ್ಟರು. ನಮ್ಮೆಲ್ಲರ ಎದುರಿಗೆ, ಯಾರ ಕಡೆಯೂ ನೋಡದೆ, ಪಲ್ಯವನ್ನು ಪೂರ್ತಿ ತಿಂದರು. ಬೆರಳು ಉಳಿಯಿತು, ಉಗುರು ಹೋಯಿತು. ಚಿಕ್ಕಣ್ಣ ಮುಂದೊಂದು ದಿನ ತನ್ನ ರಾಗಿ ಹೇಗಿತ್ತು ಎಂದು ಕೇಳಿದಾಗ ಅಪ್ಪ, "ಚೆನ್ನಾಗಿ ಒದಗ್ತು ಕಣಪ್ಪಾ," ಎಂದರಂತೆ. ಚಿಕ್ಕಣ್ಣ ಅದನ್ನು ಊರೆಲ್ಲ ಹೇಳಿಕೊಂಡು ತಿರುಗಿದ.

ಹೋಟೆಲಿನಲ್ಲಿ ಊಟ ಮಾಡಿದ ಆ ವಾರವೇ ಭಾನುವಾರ ಮನೆಯಲ್ಲಿ ಬಸ್ಸಾರು. ನಾನು ಎಂದಿನ ಸುಳ್ಳು ಹೇಳಿದೆ. ಹಸಿವಿಲ್ಲ, ಅರ್ಧ ಸಾಕು. ಒಂದು ತಿಂಗಳಿಂದ ಮನೆಯಲ್ಲಿ ಇದನ್ನೇ ಹೇಳಿಕೊಂಡು ಬಂದಿದ್ದೆ, ಹೊರಗೆ ಸಿಕ್ಕಿದ್ದನ್ನು ತಿನ್ನುತ್ತಿದ್ದೆ. ಮಕ್ಕಳಿಗೆ ಬಡಿಸಿದ ಮೇಲೆ ನನ್ನ ಹೆಂಡತಿ ಮಂಜುಳಾ ತನ್ನ ತಟ್ಟೆಗೆ ಒಂದು ಮುದ್ದೆ ಹಾಕಿಕೊಂಡು, ಅದನ್ನು ಎರಡು ಮಾಡಿ, ಅರ್ಧವನ್ನು ಪಾತ್ರೆಗೆ ವಾಪಸ್ ಇಟ್ಟಳು. ಕೇಳಿದ್ದಕ್ಕೆ, "ನೀವು ಮನೇಲಿ ಖರ್ಚು ಜಾಸ್ತಿ ಅಂತ ಕಮ್ಮಿ ತಿಂತಾ ಇದೀರಿ, ನಂಗೇನು ಗೊತ್ತಾಗಲ್ವಾ," ಎಂದಳು. ಎಷ್ಟು ದಿನದಿಂದ ಹೀಗೆ ಮಾಡುತ್ತಿದ್ದಾಳೋ ನಾನು ನೋಡಿರಲಿಲ್ಲ. ಅವಳ ಬಳೆಗಳು ಮೊದಲಿಗಿಂತ ಕೆಳಗೆ ಜಾರಿದ್ದವು.

"ಖರ್ಚಿಗಲ್ಲ ಕಣೇ. ನಂಗೆ ಸಕ್ಕರೆ ಬಂದೈತೆ," ಎಂದೆ.

ಮಕ್ಕಳು ಊಟ ನಿಲ್ಲಿಸಿ ನೋಡಿದರು.

"ಯಾವಾಗ ಗೊತ್ತಾಗಿದ್ದು?"

"ಒಂದ್ ತಿಂಗಳಾಯ್ತು."

ಮಂಜುಳಾ ಪಾತ್ರೆಯಿಂದ ಆ ಅರ್ಧವನ್ನು ತೆಗೆದು ತಟ್ಟೆಗೆ ಹಾಕಿಕೊಂಡಳು. ಸಾರು ಬಿಟ್ಟುಕೊಂಡು, ತುತ್ತು ಮುರಿದು, "ಮೊದ್ಲು ತಿಂತೀನಿ. ಆಮೇಲೈತೆ ನಿಮಗೆ," ಎಂದಳು.

ಅವಳು ಪೂರ್ತಿ ತಿನ್ನುವವರೆಗೂ ನಾನು ಎದುರಿಗೆ ಕೂತಿದ್ದೆ.