ಕೌಂಟರಿನ ಕೆಳಗಿದ್ದ ಕ್ರೀಮಿನ ಡಬ್ಬಿ

2004ನೇ ಇಸವಿ. ನಾವಾಗ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನಲ್ಲಿದ್ದೆವು. ನನ್ನವರು ಅಲ್ಲಿ ಆಸ್ಪತ್ರೆಯಲ್ಲಿ ಡಾಕ್ಟರು. ಮಗಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಒಬ್ಬಳೇ ಕೂರಲಾರದೆ ನಾನು ಹತ್ತಿರದ ಊರೊಂದರ ಕೌನ್ಸಿಲ್, ಅಂದರೆ ನಮ್ಮ ನಗರಸಭೆಯಂಥ ಕಚೇರಿಯಲ್ಲಿ ಅರ್ಧ ದಿನದ ಕೆಲಸಕ್ಕೆ ಸೇರಿದ್ದೆ. ಅಂಗಡಿಯವರು ಜನರಿಗೆ ಮೋಸ ಮಾಡದಂತೆ, ಅಪಾಯದ ಸಾಮಾನು ಮಾರದಂತೆ ನೋಡಿಕೊಳ್ಳುವ ವಿಭಾಗ ಅದು. ಹೆಸರು ದೊಡ್ಡದು, ನನ್ನ ಕೆಲಸ ಮಾತ್ರ ಫೋನ್ ಎತ್ತುವುದು, ದೂರಿನ ಪತ್ರಗಳನ್ನು ಫೈಲಿಗೆ ಸೇರಿಸುವುದು.

ಆ ವರ್ಷ ಆಫ್ರಿಕಾದ ಪಶ್ಚಿಮ ತೀರದ ಒಂದು ಪುಟ್ಟ ದೇಶದಿಂದ ಆಮಿನಾ ಎಂಬ ಅಧಿಕಾರಿ ಮೂರು ವಾರದ ತರಬೇತಿಗೆ ನಮ್ಮಲ್ಲಿಗೆ ಬಂದರು. ದೇಶದ ಹೆಸರು ಬರೆಯುವುದು ಬೇಡವೆಂದು ಅವರೇ ಕೇಳಿಕೊಂಡಿದ್ದರು, ಹಾಗಾಗಿ ಬರೆಯುವುದಿಲ್ಲ. ಅವರಿಗೆ ನನ್ನ ಪಕ್ಕದ ಮೇಜು ಕೊಟ್ಟಿದ್ದರು. ಎರಡನೇ ದಿನವೇ ನನ್ನ ಚಿತ್ರಾನ್ನದಲ್ಲಿ ಅರ್ಧ ಪಾಲು ಅವರದಾಯಿತು.

ತಿನ್ನುತ್ತಾ ಅವರು ತಮ್ಮ ಊರಿನ ವಿಷಯ ಹೇಳಿದರು.

“ನಮ್ಮಲ್ಲೂ ಗ್ರಾಹಕರ ಕಾನೂನು ಇದೆ, ತುಂಬಾ ಚೆನ್ನಾಗಿದೆ. ನಿಮ್ಮ ಕಾನೂನು ನೋಡಿಕೊಂಡೇ ಬರೆದದ್ದು. ಆದರೆ ಅದನ್ನು ಜಾರಿ ಮಾಡೋಕೆ ಇಡೀ ದೇಶಕ್ಕೆ ನಾವು ನಾಲ್ಕೇ ಜನ. ಒಂದು ಜೀಪಿದೆ, ಡೀಸೆಲ್ ಇರೋದಿಲ್ಲ. ಲ್ಯಾಬ್ ಅಂತೂ ಇಲ್ಲವೇ ಇಲ್ಲ.”

ಚರ್ಮ ಬೆಳ್ಳಗೆ ಮಾಡುತ್ತದೆಂದು ಮಾರುವ ಒಂದು ಕ್ರೀಮು ಅವರ ದೇಶದ ಸಂತೆ ಸಂತೆಯಲ್ಲೂ ಸಿಗುತ್ತಿತ್ತಂತೆ. ಅದರಲ್ಲಿ ಪಾದರಸ ಇದೆಯೆಂದು ಆಮಿನಾಗೆ ಅನುಮಾನ. ತರಿಸುತ್ತಿದ್ದವನು ಮಂತ್ರಿಯೊಬ್ಬರ ನೆಂಟ. ಆದರೂ ಅವನನ್ನು ಕೋರ್ಟಿಗೆ ಎಳೆದರು. “ವಿಷ ಇದೆ ಅನ್ನೋದಕ್ಕೆ ಸಾಕ್ಷಿ ಎಲ್ಲಿ?” ಎಂದು ಮ್ಯಾಜಿಸ್ಟ್ರೇಟರು ಕೇಳಿದಾಗ ತೋರಿಸಲು ಒಂದು ಚೀಟಿಯೂ ಇರಲಿಲ್ಲ. ಕೇಸು ಬಿದ್ದುಹೋಯಿತು. ಹೊರಗೆ ಬಂದಾಗ ಆ ಮನುಷ್ಯ ನಗುತ್ತಾ ಇವರಿಗೆ ಕಾರಿನ ಬಾಗಿಲು ತೆರೆದು, ಮನೆಗೆ ಬಿಡಲೇ ಎಂದು ಕೇಳಿದನಂತೆ.

ಅದನ್ನು ಹೇಳಿ ಆಮಿನಾ ತಮ್ಮ ಕೈ ಚಾಚಿದರು. ಬೆರಳ ಗೆಣ್ಣುಗಳೆಲ್ಲ ಸುಟ್ಟ ಹಾಗೆ ಕಪ್ಪಾಗಿದ್ದವು. ತಾವೂ ಅಕ್ಕನೂ ಹರೆಯದಲ್ಲಿ ವರ್ಷಗಟ್ಟಲೆ ಹಚ್ಚಿದ್ದು ಅದೇ ಕ್ರೀಮು ಎಂದರು. ಅಕ್ಕ ಮೂತ್ರಪಿಂಡ ಕೆಟ್ಟು ತೀರಿಕೊಂಡಿದ್ದರು.

ಆಮಿನಾ ಸೂಟ್‌ಕೇಸಿನಲ್ಲಿ ಆ ಕ್ರೀಮಿನ ಒಂದು ಡಬ್ಬಿಯನ್ನು ತಂದಿದ್ದರು. ನಮ್ಮ ಮೇಲಧಿಕಾರಿ ಕಾಲಿನ್ ಅದನ್ನು ತಿರುಗಿಸಿ ನೋಡಿ ತಲೆಯಾಡಿಸಿದರು. ಸೀಲ್ ಇಲ್ಲದೆ ಪರದೇಶದಿಂದ ಬಂದ ಡಬ್ಬಿ ಯಾವ ಕೋರ್ಟಿನಲ್ಲೂ ನಿಲ್ಲುವುದಿಲ್ಲ ಎಂದರು. ಆಮಿನಾರ ಮುಖ ಇಳಿದದ್ದು ನೋಡಿ ಹೇಳಿದರು: “ಆದರೆ ಇದೇ ಕ್ರೀಮು ನಮ್ಮ ಬೀದೀಲಿ ಮಾರಾಟಕ್ಕಿದ್ದರೆ ಅದು ನಮ್ಮ ಕೇಸು. ನಾವೇ ಕೊಂಡು, ಸೀಲ್ ಮಾಡಿ, ಲ್ಯಾಬಿಗೆ ಕಳಿಸಬಹುದು. ಆ ವರದಿ ನಿಮಗೂ ಸಾಕ್ಷಿ ಆಗುತ್ತೆ.”

ಅಂದಿನಿಂದ ಶುರುವಾಯಿತು ಹುಡುಕಾಟ. ನಮ್ಮ ಅಧಿಕಾರಿಗಳು ಏಷ್ಯನ್ ಅಂಗಡಿಗಳನ್ನೆಲ್ಲ, ಅಂದರೆ ಭಾರತ, ಪಾಕಿಸ್ತಾನದ ಕಡೆಯವರ ಅಂಗಡಿಗಳನ್ನೆಲ್ಲ ಸುತ್ತಿದರು. ಟೈ ಕಟ್ಟಿದ ಬಿಳಿಯರು ಬಂದು ಕೇಳಿದರೆ ಯಾರು ಕೊಡುತ್ತಾರೆ? ಎಲ್ಲ ಕಡೆಯೂ “ನಮ್ಮಲ್ಲಿಲ್ಲ” ಎಂಬ ಉತ್ತರ. ಎರಡನೇ ವಾರ ಮುಗಿಯುತ್ತಾ ಬಂತು. ಒಂದು ಬೆಳಿಗ್ಗೆ ಕಾಲಿನ್ ನನ್ನ ಮೇಜಿನ ಮುಂದೆ ನಿಂತು, ಸಾಧಾರಣ ಗ್ರಾಹಕಿಯ ಹಾಗೆ ಹೋಗಿ ಕೊಂಡು ತರಲು ಆಗುತ್ತದೆಯೇ ಎಂದು ಕೇಳಿದರು. ಹೂಂ ಅಂದುಬಿಟ್ಟೆ.

ಚಿಕ್ಕಪ್ಪನ ಮಗಳ ಮದುವೆ, ಅವಳಿಗೆ ಬೇಕು ಎಂದು ಒಂದು ಸುಳ್ಳು ಕಟ್ಟಿಕೊಂಡು ರಾತ್ರಿ ಅಡುಗೆಮನೆಯಲ್ಲಿ ಅಭ್ಯಾಸ ಮಾಡಿದೆ. ನನ್ನವರು ಕೇಳಿಸಿಕೊಂಡು, “ಸುಳ್ಳು ಹೇಳೋವಾಗ ನಿನ್ನ ನಾಲಿಗೆ ತೊದಲುತ್ತೆ ಕಣೆ. ಬಾಗಿಲಲ್ಲೇ ಸಿಕ್ಕಿಬೀಳ್ತೀಯ” ಎಂದು ನಕ್ಕರು.

ಮರುದಿನ ಸಲ್ವಾರ್ ಕಮೀಜ್ ತೊಟ್ಟು ಹೊರಟೆ. ರಸ್ತೆಯ ಆಚೆ ಬದಿಗೆ ಕಾರಿನಲ್ಲಿ ಆಮಿನಾ ಮತ್ತು ಕಾಲಿನ್. ಮೊದಲೆರಡು ಅಂಗಡಿಗಳಲ್ಲಿ ಸಿಗಲಿಲ್ಲ. ಮೂರನೆಯದು ಬಳೆ, ಬಟ್ಟೆ, ಶಾಂಪೂ ಎಲ್ಲ ಒತ್ತೊತ್ತಾಗಿ ತುಂಬಿದ್ದ ಸಣ್ಣ ಅಂಗಡಿ. ಅರವತ್ತು ದಾಟಿದ ಪಂಜಾಬಿ ಅಮ್ಮ ಒಬ್ಬರೇ ಇದ್ದರು. ನಾನು ಹಿಂದಿಯಲ್ಲಿ ಕ್ರೀಮಿನ ಹೆಸರು ಹೇಳಿದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಅದೆಲ್ಲ ಇಡುವುದಿಲ್ಲ ಎಂದರು.

ಈಗ ಚಿಕ್ಕಪ್ಪನ ಮಗಳ ಮದುವೆ ಬರಬೇಕಿತ್ತು. ಏನು ಹೇಳುತ್ತಿದ್ದೇನೆಂದು ನನಗೇ ತಿಳಿಯುವ ಮೊದಲು ಬೇರೆಯೇ ಮಾತು ಹೊರಬಂತು.

“ನಮ್ಮ ಮನೇಲಿ ನಾನೊಬ್ಬಳೇ ಕಪ್ಪು. ನನ್ನನ್ನ ನೋಡೋಕೆ ಬಂದವರು ನನ್ನ ತಂಗೀನ ಕೇಳಿ ಹೋದರು.”

ಅದು ಸುಳ್ಳಲ್ಲ. ದಾವಣಗೆರೆಯ ನಮ್ಮ ಮನೆಯ ನಡುಮನೆಯಲ್ಲಿ ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದಾಗಲೇ ನಡೆದದ್ದು. ಅದನ್ನು ನಾನು ನನ್ನವರಿಗೂ ಹೇಳಿರಲಿಲ್ಲ. ಅಷ್ಟು ವರ್ಷಗಳ ಮೇಲೆ, ಇಂಗ್ಲೆಂಡಿನ ಒಂದು ಅಂಗಡಿಯಲ್ಲಿ, ಗುರುತಿಲ್ಲದವರ ಮುಂದೆ ಹೇಳಿ ಗಳಗಳನೆ ಅತ್ತುಬಿಟ್ಟೆ.

ಆ ಅಮ್ಮ ಕೌಂಟರಿನ ಮೇಲಿಂದ ಕೈ ಚಾಚಿ ನನ್ನ ಕೆನ್ನೆ ಒರೆಸಿದರು. ಬಗ್ಗಿ ಕೆಳಗಿನಿಂದ ಒಂದು ಡಬ್ಬಿ ತೆಗೆದಿಟ್ಟರು. “ಹೆದರಬೇಡ ಮಗಳೇ, ನಾನೂ ಇದನ್ನೇ ಹಚ್ಚೋದು. ನಾಲ್ಕು ವರ್ಷ ಆಯ್ತು” ಎಂದರು. ಚೀಲ ತರಲು ಅವರು ಈಚೆ ಬಂದಾಗ ಕಾಲು ಕಂಡಿತು. ಚಪ್ಪಲಿಯಿಂದ ಹೊರಚೆಲ್ಲುವಷ್ಟು ಬಾತುಕೊಂಡಿತ್ತು.

ಕಾರಿನಲ್ಲಿ ಆಮಿನಾ ಎರಡೂ ಡಬ್ಬಿಗಳನ್ನು ಪಕ್ಕಪಕ್ಕ ಹಿಡಿದರು. ಅದೇ ಲೇಬಲ್ಲು, ಅದೇ ಬ್ಯಾಚ್ ನಂಬರು, ಅಂದರೆ ಎರಡೂ ಒಂದೇ ಕಡೆ ಒಟ್ಟಿಗೆ ತಯಾರಾದವು. ಅವರು ನನ್ನ ಕೈಯನ್ನು ಹಿಸುಕಿದ ರಭಸಕ್ಕೆ ಎರಡು ಗಾಜಿನ ಬಳೆ ಒಡೆದವು. ಇಬ್ಬರೂ ನಗುತ್ತಿದ್ದೆವೋ ಅಳುತ್ತಿದ್ದೆವೋ ಗೊತ್ತಿಲ್ಲ. ಕಾಲಿನ್ ಮಾತ್ರ ಶಾಂತವಾಗಿ ಡಬ್ಬಿಗೆ ಸೀಲ್ ಹಾಕುತ್ತಿದ್ದರು.

ಆಮಿನಾರ ವಿಮಾನಕ್ಕೆ ಎರಡು ದಿನ ಇರುವಾಗ ಲ್ಯಾಬಿನಿಂದ ಫೋನು ಬಂತು. ಎತ್ತಿದವಳು ನಾನೇ. ಇರಲೇಬಾರದಷ್ಟು ಪಾದರಸ ಇದೆ, ಜನರ ಕೈಗೆ ಸಿಗದಂತೆ ಕೂಡಲೇ ಮಾಡಿ ಎಂದರು ಆ ಕಡೆಯವರು. ನಾನು ಫೋನ್ ಹಿಡಿದುಕೊಂಡೇ ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಅದನ್ನೇ ಹೇಳಿದೆ. ಯಾವತ್ತೂ ಅವಸರ ಪಡದ ಕಾಲಿನ್ ಅಂದು ಕೋಟು ತೋಳಿಗೆ ಸೇರಿಸುತ್ತಾ ಓಡಿದರು.

ಬೇಡವೆಂದರೂ ಕೇಳದೆ ನಾನೂ ಅಂಗಡಿಗೆ ಹೋದೆ. ಆ ಅಮ್ಮ ಡಬ್ಬಿಗಳನ್ನು ಒಂದೊಂದಾಗಿ ತೆಗೆದುಕೊಟ್ಟರು. ನನ್ನನ್ನು ನೋಡಿ ಒಂದೇ ಮಾತು ಕೇಳಿದರು.

“ಆ ಅಳುವೂ ನಾಟಕಾನಾ?”

“ಇಲ್ಲಮ್ಮ, ಅದು ನಿಜ” ಎಂದೆ. ಅವರ ಕಾಲು ಬಾತಿರುವುದನ್ನು ನನ್ನವರಿಗೆ ಹೇಳಿದ್ದೆನೆಂದೂ, ತಡಮಾಡದೆ ಹತ್ತಿರದ ಡಾಕ್ಟರಿಗೆ ತೋರಿಸಬೇಕೆಂದು ಅವರು ಹೇಳಿಕಳಿಸಿದ್ದಾರೆಂದೂ ತಿಳಿಸಿದೆ. ಅವರು ಮುಖ ತಿರುಗಿಸಿದರು. ಆದರೆ ಡಾಕ್ಟರ ಬಳಿಗೆ ಹೋದರು. ಪರೀಕ್ಷೆಯಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿರುವುದು ಗೊತ್ತಾಯಿತು. ಕ್ರೀಮು ನಿಲ್ಲಿಸಿ, ಚಿಕಿತ್ಸೆ ಪಡೆದು, ವರ್ಷದೊಳಗೆ ಚೇತರಿಸಿಕೊಂಡರು. ಕದ್ದು ಮಾರಿದ್ದರೂ ಅದರಲ್ಲಿ ವಿಷವಿದೆಯೆಂದು ತಿಳಿಯದೆ ತಾವೂ ಹಚ್ಚುತ್ತಿದ್ದುದರಿಂದ ಇಲಾಖೆ ಅವರಿಗೆ ಎಚ್ಚರಿಕೆ ಕೊಟ್ಟು ಬಿಟ್ಟಿತು. ಅವರು ಕೊಟ್ಟ ಸುಳಿವಿನಿಂದ ಕ್ರೀಮು ಹಂಚುತ್ತಿದ್ದವನು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಿಕ್ಕಿಬಿದ್ದ.

ಕಾಲಿನ್ ಲ್ಯಾಬಿನ ವರದಿಯ ಪ್ರತಿಗೆ ಮೊಹರು ಹಾಕಿಸಿ ಆಮಿನಾರ ಕೈಗೆ ಕೊಟ್ಟರು. ಆಮಿನಾ ಅದನ್ನು ಸೂಟ್‌ಕೇಸಿನಲ್ಲಿಡದೆ ಬ್ಲೌಸಿನೊಳಗೆ ಇಟ್ಟುಕೊಂಡು ವಿಮಾನ ಹತ್ತಿದರು.

ಚಳಿಗಾಲದಲ್ಲಿ ಅವರ ಪತ್ರ ಬಂತು. ಈ ಸಲ ಮ್ಯಾಜಿಸ್ಟ್ರೇಟರು ಸಾಕ್ಷಿ ಒಪ್ಪಿದ್ದರು. ಬಂದರಿನಲ್ಲಿದ್ದ ಕ್ರೀಮನ್ನೆಲ್ಲ ಜಪ್ತಿ ಮಾಡಿಸಿ ಬೀಗ ಹಾಕಿಸಿದ್ದರು. ಅದಾದ ಎರಡೇ ತಿಂಗಳಿಗೆ, ಮಂತ್ರಿಯ ನೆಂಟನನ್ನು ಮುಟ್ಟಿದ್ದಕ್ಕೆ, ಆಮಿನಾರನ್ನು ಗಡಿಯ ಒಂದು ಸಣ್ಣ ಊರಿಗೆ ಎತ್ತಂಗಡಿ ಮಾಡಲಾಗಿತ್ತು. “ಇಲ್ಲಿಯೂ ಅಂಗಡಿಗಳಿವೆ, ಇವತ್ತು ತಕ್ಕಡಿಗಳ ತೂಕ ಸರಿಯಿದೆಯೇ ನೋಡಲು ಹೊರಟಿದ್ದೇನೆ” ಎಂದು ಬರೆದಿದ್ದರು.

ಕಾನೂನು ಪುಸ್ತಕದಲ್ಲಿ ಎಷ್ಟೇ ಚೆಂದ ಇರಲಿ, ಅದನ್ನು ಅಂಗಡಿಯ ಬಾಗಿಲಿನವರೆಗೆ ಹೊತ್ತುಕೊಂಡು ಹೋಗುವ ಮನುಷ್ಯ ಬೇಕು ಎಂದು ನಾನು ಕಲಿತದ್ದು ಆಮಿನಾರಿಂದ. ನನ್ನ ಮಗಳದು ನನ್ನದೇ ಬಣ್ಣ. ಅದರ ಬಗ್ಗೆ ನೆಂಟರು ಯಾರಾದರೂ ಕನಿಕರದ ಮಾತಾಡಿದರೆ ಮೊದಲೆಲ್ಲ ತಲೆ ತಗ್ಗಿಸುತ್ತಿದ್ದೆ. ಈಗ ಅಲ್ಲೇ ತಡೆದು ಉತ್ತರ ಕೊಡುತ್ತೇನೆ, ಮಗಳಿಗೆ ಕೇಳಿಸುವ ಹಾಗೆ.