ಗವಿಯೊಳಗಿನ ಬೂಟು

ಗ್ರೀಸ್ ದೇಶದ ಒಂದು ದ್ವೀಪದಾಗ ನಮ್ಮ ಪ್ರವಾಸದ ಹಡಗು ಅರ್ಧ ದಿನ ನಿಂತಿತ್ತು. ಗವಿ ತೋರಿಸ್ತೇವಿ ಅಂತ ಕರ್ಕೊಂಡು ಹೋದ್ರು. ಗವಿಯ ಬಾಯಿಗೆ ಬಂದ ಕೂಡಲೆ ನಾನು ಬೂಟು ಬಿಚ್ಚಿ ಪಕ್ಕಕ್ಕಿಟ್ಟೆ. ನಮ್ಮೂರು ಇಂಗಳೇಶ್ವರದ ಗವಿಗುಡಿಗೆ ಸಣ್ಣಾಕಿದ್ದಾಗಿಂದ ಬರಿಗಾಲಲೆ ಹೋದಾಕಿ ನಾನು.

ಗೈಡ್ ನಿಕೋಸ್ ಓಡಿ ಬಂದ. ಗಡ್ಡ ನರೆತ ದಾಂಡಿಗ ಮನುಷ್ಯ. "ಅಕ್ಕಾರ, ಬೂಟು ಹಾಕ್ಕೊಳ್ರಿ. ಒಳಗ ಕಲ್ಲು ಜಾರ್ತಾವ. ಬೂಟಿಲ್ಲದ ಯಾರನ್ನೂ ಬಿಡಾಂಗಿಲ್ಲ." ಅವ ಹೇಳಿದ್ದು ಇಂಗ್ಲಿಷಿನಾಗ, ನನಗ ಕೇಳಿಸಿದ್ದು ಹಿಂಗ.

"ದೇವರಿರೋ ಜಾಗಕ್ಕ ಬೂಟುಗಾಲಲೆ ಹೋಗಬಾರದಪಾ."

"ಇಲ್ಲಿ ದೇವರಿಲ್ರಿ. ಬರೇ ಕಲ್ಲು, ನೀರು."

"ಅದನ್ನ ನಾ ಒಳಗ ಹೋಗಿ ನೋಡಿ ಹೇಳ್ತೇನಿ."

ಹಿಂದ ಸಾಲಿನಾಗ ನಿಂತವರು ಗೊಣಗಾಕತ್ತಿದ್ರು. ನಾ ಬೂಟೂ ಹಾಕಲಿಲ್ಲ, ದಾರಿನೂ ಬಿಡಲಿಲ್ಲ. ಕಡೀಕ ಅವನೇ ಸೋತ. "ಹಂಗಾದ್ರ ನನ್ನ ಕೈ ಮಾತ್ರ ಬಿಡಬ್ಯಾಡ್ರಿ," ಅಂದ.

ಒಳಗ ಕಲ್ಲು ಐಸಿನಂಗ ತಣ್ಣಗಿದ್ದುವು. ಎರಡು ಸಲ ಕಾಲು ಜಾರಿತು. ಎರಡೂ ಸಲ ಅವ ರಟ್ಟಿ ಹಿಡಿದು ನಿಲ್ಲಿಸಿದ.

ಹೊರಗ ಬಂದ ಮ್ಯಾಲ ನಕ್ಕೋತ ಕೇಳಿದ: "ದೇವರು ಸಿಕ್ಕನೇನ್ರಿ?"

ನಾ ಬಿಟ್ಟುಕೊಡಲಿಲ್ಲ. "ಎರಡು ಸಲ ಬೀಳೋದು ತಪ್ಪಿತು. ದೇವರಲ್ಲದ ಮತ್ಯಾರು ಹಿಡಿದ್ರು?"

"ನಾನ್ರಿ," ಅಂದ.

ತಲಿ ತಗ್ಗಿಸಿ ನನ್ನ ಬೂಟಿನ ದಾರ ಕಟ್ಟಾಕತ್ತಿದ್ದೆ, ಎದುರಿಗೆ ಅವನ ಕೆಸರು ಮೆತ್ತಿದ ಬೂಟು ಕಂಡುವು. ದೇವರು ಬೂಟು ಹಾಕ್ಕೊಂಡೇ ಗವಿಯೊಳಗ ಬಂದಿದ್ದ ಅಂತ ಇಂಗಳೇಶ್ವರದಾಗ ಯಾರ ಮುಂದ ಹೇಳಲಿ?