ಸಮಡೋಳಿಯ ಸುಮ್ಮನಿದ್ದ ಚಾನೆಲ್

ಖಾಲಿ ಇರುವ ರೇಡಿಯೊ ಚಾನೆಲ್ ಹುಡುಕಿ ಬಳಸುವುದು, ಅದರ ಹಕ್ಕುದಾರರು ಮಾತಾಡಿದ ಕೂಡಲೇ ಸರಿದು ಜಾಗ ಬಿಡುವುದು, ಇದು ನನ್ನ ಸಂಶೋಧನೆಯ ಯಂತ್ರದ ಕೆಲಸ. ವೇಗ ಸಿಗಬೇಕು, ಬ್ಯಾಟರಿ ಉಳಿಯಬೇಕು, ಯಾರಿಗೂ ಅಡ್ಡಿಯಾಗಬಾರದು. ಮೂರನ್ನೂ ಒಟ್ಟಿಗೆ ತೂಗುವುದೇ ತಲೆನೋವು.

ನದಿ ದಂಡೆಯ ಹಳ್ಳಿ ಸಮಡೋಳಿಯ ಒಂದು ಮಾಳಿಗೆ ಮೇಲೆ ಆಂಟೆನಾ ಇಟ್ಟು ಎಂಟು ದಿನ ಕೇಳಿದೆ. ಒಂದು ಚಾನೆಲ್ ಒಮ್ಮೆಯೂ ಉಸಿರೆತ್ತಲಿಲ್ಲ. ಖುಷಿಯಿಂದ ‘ಖಾಲಿ’ ಎಂದು ಗುರುತು ಹಾಕಿದೆ. ಅದನ್ನು ನೋಡಿದ ಮನೆಯ ಯಜಮಾನ ಕಾಕಾ ನನ್ನನ್ನು ಒಳಗೆ ಕರೆದರು. ದೇವರ ಜಗಲಿಯ ಪಕ್ಕ ಒಂದು ವಾಕಿಟಾಕಿ ಚಾರ್ಜಿಗಿತ್ತು.

“ನದಿ ಏರಿದಾಗ ದೋಣಿ ಕರಿಯಾಕ ಇಟ್ಟೇವ್ರಿ. ಇದರದ್ದ ಆ ಚಾನೆಲ್.”

“ಯಾರೂ ಮಾತಾಡೇ ಇಲ್ಲಲ್ರಿ, ಕಾಕಾ.”

“ನೀರು ಬಂದಿಲ್ಲ, ಅದಕ್ಕ ಮಾತಾಡಿಲ್ಲ.”

“ನೀವು ಮಾತಾಡಿದ್ರ ನನ್ನ ಯಂತ್ರ ಸರಿದು ನಿಲ್ತೈತ್ರಿ.”

“ನನ್ನ ದನಿ ಅದಕ್ಕ ಕೇಳಿಸಿದ್ರ!” ಕಾಕಾ ವಾಕಿಟಾಕಿಯ ಧೂಳು ಒರೆಸಿದರು. “ಮಹಾಪೂರ ಬಂದಾಗ ಇದರ ಮ್ಯಾಲ ಬ್ಯಾರೆ ಯಾರೋ ಮಾತಾಡಾಕತ್ತಿದ್ರು. ನಾ ಒದರಿದ್ದು ದೋಣಿಯವರಿಗೆ ಮುಟ್ಟಲಿಲ್ಲ. ನಮ್ಮವ್ವ ಮಾಳಿಗಿ ಮ್ಯಾಲ ಒಬ್ಬಾಕೀನ ಇದ್ಲು.”

ಅವರು ವಾಕಿಟಾಕಿಯನ್ನು ಮತ್ತೆ ಚಾರ್ಜಿಗೆ ಇಟ್ಟರು.

ವಿಶ್ರಾಮಬಾಗದ ಕಾಲೇಜಿಗೆ ಮರಳಿ, ಯಂತ್ರದ ಪಟ್ಟಿಯಿಂದ ಆ ಚಾನೆಲ್ ತೆಗೆದುಹಾಕಿದೆ. ವೇಗ ಇಳಿಯಿತು. ಗೈಡ್ ಕಾರಣ ಕೇಳಿದರು. ಅದು ಬಳಕೆಯಲ್ಲಿದೆ ಎಂದೆ. ಪುರಾವೆ ಕೇಳಿದರು.

ಎಂಟು ದಿನದ ಮೌನವನ್ನು ತೋರಿಸಿ, “ನೀರು ಬಂದಿಲ್ಲ, ಅದಕ್ಕೆ” ಎಂದೆ.